ಕಚೇರಿಯ ಗಾಳಿಯೂ ಯಜಮಾನನ ಧರ್ಮವೂ

ಮನುಷ್ಯನು ತನ್ನ ಅನ್ನವನ್ನು ತಾನೇ ಬೇಯಿಸಿಕೊಂಡು ಉಣ್ಣಬಹುದು; ತನ್ನ ಬಟ್ಟೆಯನ್ನು ತಾನೇ ಒಗೆದು ಉಡಬಹುದು; ನೀರನ್ನು ಕೂಡ ಕಾಯಿಸಿ ಬೇರೆಯ ಪಾತ್ರೆಯಲ್ಲಿ ಇಟ್ಟುಕೊಳ್ಳಬಹುದು. ಆದರೆ ನಾಲ್ಕು ಗೋಡೆಗಳ ನಡುವೆ ಹತ್ತು ಮಂದಿಯೊಡನೆ ಕುಳಿತಿರುವವನು ತನಗೆಂದು ಬೇರೆ ಗಾಳಿಯನ್ನು ಇಟ್ಟುಕೊಳ್ಳಲಾರನು. ಒಬ್ಬನು ಬಿಟ್ಟ ಉಸಿರಿನ ಅಂಶವನ್ನು ಮತ್ತೊಬ್ಬನು ಸೇದಲೇಬೇಕು. ಇದು ಎಲ್ಲರೂ ಬಲ್ಲ ಸಂಗತಿ. ಆದರೂ 2020ನೆಯ ಇಸವಿಗೆ ಮುಂಚೆ ಇದು ನಮ್ಮಲ್ಲಿ ಬಹುಮಂದಿಗೆ ಧರ್ಮವಿಚಾರವಾಗಿ ತೋರಿರಲಿಲ್ಲವೆಂಬುದೂ ಅಷ್ಟೇ ನಿಜ.

ಆ ವರ್ಷದ ಮಾರ್ಚಿ 24ನೆಯ ರಾತ್ರಿ ನಮ್ಮ ದೇಶದಲ್ಲಿ ಲಾಕ್‌ಡೌನನ್ನು ಸಾರಿದರು. ಕಚೇರಿಗಳ ಬಾಗಿಲು ಮುಚ್ಚಿತು. ಕೆಲವು ವಾರಗಳ ಮೇಲೆ ಒಂದೊಂದಾಗಿ ಅವನ್ನು ತೆರೆಯಬೇಕಾಗಿ ಬಂದಾಗ, ಜೂನ್ 4ರಂದು ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಯವರು ಕಚೇರಿಗಳಿಗೆಂದೇ ಒಂದು ನಿಯಮಾವಳಿಯನ್ನು ಹೊರಡಿಸಿದರು. ಬಾಗಿಲಲ್ಲಿ ಮೈಶಾಖವನ್ನು ನೋಡತಕ್ಕದ್ದು, ಕೈಗೆ ಶುದ್ಧಿದ್ರವವನ್ನು ಒದಗಿಸತಕ್ಕದ್ದು, ಮುಖಗವಸನ್ನು ಧರಿಸತಕ್ಕದ್ದು, ಆರಡಿಯ ಅಂತರದಲ್ಲಿ ಕುಳಿತುಕೊಳ್ಳತಕ್ಕದ್ದು. ಹವಾನಿಯಂತ್ರಣ ಯಂತ್ರವನ್ನು 24ರಿಂದ 30 ಡಿಗ್ರಿಯೊಳಗೆ ಇಟ್ಟು, ಹೊರಗಿನ ಹೊಸ ಗಾಳಿಯನ್ನು ಸಾಧ್ಯವಾದಷ್ಟು ಒಳಕ್ಕೆ ತರತಕ್ಕದ್ದು ಎಂದು ಅದರಲ್ಲಿ ವಿಧಿಸಿದ್ದಿತು. ಇವುಗಳಲ್ಲಿ ಮೊದಲಿನವು ಎಲ್ಲೆಲ್ಲಿಯೂ ಆಚರಣೆಗೆ ಬಂದವು. ಕಡೆಯದು ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿಯಿತು. ಇದು ಹೀಗೇಕಾಯಿತು, ಹೀಗಾದುದರಲ್ಲಿ ದೋಷ ಯಾರದು, ಕೆಲಸದ ಮನೆಯನ್ನು ಕ್ಷೇಮವಾಗಿ ಮಾಡುವ ಭಾರ ಕೆಲಸಗಾರನ ಎಚ್ಚರದ ಮೇಲೆ ನಿಲ್ಲತಕ್ಕದ್ದೋ ಯಜಮಾನನ ಮೇಲೆಯೋ, ಎಂಬುದೇ ಈ ಲೇಖನದ ವಿಷಯ. ಪಿಡುಗಿನ ತುರ್ತುಸ್ಥಿತಿಯು ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ನೆಯ ಮೇ 5ರಂದು ಸಾರಿದೆ. ಬೆಂಕಿ ಆರಿದ ಮೇಲೆಯೇ ಮನೆಯ ಕಟ್ಟಡವನ್ನು ಸಮಾಧಾನದಿಂದ ಪರೀಕ್ಷಿಸುವುದಕ್ಕೆ ಆಗುವುದು.

ನಮ್ಮ ಪೂರ್ವಿಕರು ಈ ಪ್ರಶ್ನೆಯ ಒಂದು ಮುಖವನ್ನು ಕಂಡಿದ್ದರು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದಗಳು ಹಾಳಾಗುವುದನ್ನು ಕುರಿತ ಒಂದು ಅಧ್ಯಾಯವುಂಟು. ಕಾಂಪಿಲ್ಯ ನಗರದ ಬಳಿ ಗಂಗಾತೀರದಲ್ಲಿ ಆತ್ರೇಯನನ್ನು ಅಗ್ನಿವೇಶನು ಕೇಳುತ್ತಾನೆ: ಮನುಷ್ಯರ ಪ್ರಕೃತಿ ಬೇರೆ, ಆಹಾರ ಬೇರೆ, ಬಲ ಬೇರೆ, ವಯಸ್ಸು ಬೇರೆ, ಹೀಗಿರಲು ಒಂದೇ ಕಾಲದಲ್ಲಿ ಒಂದೇ ರೋಗದಿಂದ ಇವರೆಲ್ಲರೂ ಸಾಯುವುದು ಹೇಗೆ? ಅವರಲ್ಲಿ ಎಷ್ಟೇ ಭೇದವಿದ್ದರೂ ನಾಲ್ಕು ವಸ್ತುಗಳು ಎಲ್ಲರಿಗೂ ಸಾಧಾರಣವಾಗಿವೆ, ಗಾಳಿ, ನೀರು, ದೇಶ, ಕಾಲ. ಇವು ಕೆಟ್ಟರೆ ಎಲ್ಲರೂ ಕೆಡುವರು ಎಂಬುದು ಆತ್ರೇಯನ ಉತ್ತರದ ಸಾರ. ಮುಂದುವರಿದು ಅವನು ಇವು ಕೆಡುವುದಕ್ಕೆ ಮೂಲವು ಅಧರ್ಮವೆಂದೂ, ದೇಶ ನಗರ ನಿಗಮ ಜನಪದಗಳ ಮುಖ್ಯರು ದಾರಿ ತಪ್ಪಿದಾಗ ಅವರನ್ನು ಆಶ್ರಯಿಸಿದವರೂ ಅದನ್ನು ಬೆಳೆಸುವರೆಂದೂ ಹೇಳುತ್ತಾನೆ. ಚರಕನಿಗೆ ಇಂದಿನ ಸೂಕ್ಷ್ಮಜೀವಿಶಾಸ್ತ್ರವು ತಿಳಿದಿತ್ತೆಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದು ಶಾಸ್ತ್ರಕ್ಕೂ ಸತ್ಯಕ್ಕೂ ಅಪಚಾರ. ಆದರೆ ಸಾಧಾರಣವಾದ ವಸ್ತುವು ಕೆಟ್ಟಾಗ ರೋಗಿಯ ಒಬ್ಬೊಬ್ಬನ ನಡತೆಯನ್ನು ಮಾತ್ರ ವಿಚಾರಿಸಿದರೆ ಸಾಲದು, ಆ ವಸ್ತುವು ಯಾರ ಕೈಯಲ್ಲಿದೆಯೋ ಅವರನ್ನು ವಿಚಾರಿಸಬೇಕು ಎಂಬ ನ್ಯಾಯವು ಅಲ್ಲಿ ಸ್ಪಷ್ಟವಾಗಿದೆ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಕಾಲವು ಆ ಕಾಲಕ್ಕಿಂತ ಭಿನ್ನವಾಗಿದೆ. ಆ ನಾಲ್ಕರಲ್ಲಿ ಗಾಳಿಯನ್ನು ತಪ್ಪಿಸಿಕೊಳ್ಳುವುದು ಉಳಿದವುಗಳಿಗಿಂತ ಸುಲಭವೆಂದು ಚರಕನು ಎಣಿಸಿದನು. ಬಯಲಿನಲ್ಲಿ ಬಾಳಿದವನಿಗೆ ಅದು ಸರಿಯೇ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರ ವರೆಗೆ ಗಾಜಿನ ಕಟ್ಟಡದ ಏಳನೆಯ ಅಂತಸ್ತಿನಲ್ಲಿ, ತೆರೆಯಲು ಬಾರದ ಕಿಟಕಿಯ ಪಕ್ಕದಲ್ಲಿ ಕುಳಿತಿರುವ ಗುಮಾಸ್ತನಿಗೆ ಎಲ್ಲಕ್ಕಿಂತ ತಪ್ಪಿಸಿಕೊಳ್ಳಲಾಗದ್ದು ಗಾಳಿಯೇ. ಇಂದ್ರಿಯಗಳಿಗೂ ಪ್ರಾಣಕ್ಕೂ ವಿವಾದವಾದ ಕಥೆಯು ಛಾಂದೋಗ್ಯದಲ್ಲಿ ಬರುವುದಷ್ಟೆ. ವಾಕ್ಕು, ಕಣ್ಣು, ಕಿವಿ, ಮನಸ್ಸು ಒಂದೊಂದೂ ಒಂದು ವರ್ಷ ದೇಹವನ್ನು ಬಿಟ್ಟುಹೋಗಿ ಬಂದರೂ ದೇಹ ಉಳಿಯಿತು. ಪ್ರಾಣವು ಹೊರಡಲೆಂದು ಎದ್ದಾಗ ಉಳಿದವೆಲ್ಲವೂ ಕಿತ್ತುಬಂದವು. ಕೆಟ್ಟ ಮಾತಿಗೆ ಕಿವಿಯನ್ನು ಮುಚ್ಚಬಹುದು, ಕೆಟ್ಟ ನೋಟಕ್ಕೆ ಕಣ್ಣನ್ನು ಮುಚ್ಚಬಹುದು. ಕೆಟ್ಟ ಗಾಳಿಗೆ ಮೂಗನ್ನು ಎಷ್ಟು ಹೊತ್ತು ಮುಚ್ಚೋಣ?

ಈಗ ದೃಷ್ಟಾಂತಕ್ಕೆ ಬರೋಣ. ದಕ್ಷಿಣ ಕೊರಿಯದ ಸಿಯೋಲ್ ನಗರದಲ್ಲಿ 19 ಅಂತಸ್ತಿನ ಒಂದು ಕಟ್ಟಡವಿದೆ. ಅದರ 11ನೆಯ ಅಂತಸ್ತಿನಲ್ಲಿ, ದೂರವಾಣಿಯಲ್ಲಿ ಗಿರಾಕಿಗಳಿಗೆ ಉತ್ತರ ಹೇಳುವ ಒಂದು ಕಚೇರಿಯಿತ್ತು. ಅಲ್ಲಿ 216 ಮಂದಿ ಕೆಲಸಮಾಡುತ್ತಿದ್ದರು. 2020ರ ಮಾರ್ಚಿಯಲ್ಲಿ ಪರೀಕ್ಷಿಸಿದಾಗ ಅವರಲ್ಲಿ 94 ಮಂದಿಗೆ ಸೋಂಕು ತಗಲಿತ್ತು. ಅವರಲ್ಲಿಯೂ ಬಹುಪಾಲು ಜನ ಆ ಅಂತಸ್ತಿನ ಒಂದೇ ಪಾರ್ಶ್ವದಲ್ಲಿ ಕುಳಿತವರು. ಆ ಕಟ್ಟಡದ ಸಂಬಂಧದಲ್ಲಿ ಒಟ್ಟು 1,143 ಮಂದಿಯನ್ನು ಪರೀಕ್ಷಿಸಿದರು. ಸೋಂಕು ಕಂಡದ್ದು 97 ಮಂದಿಯಲ್ಲಿ. ಎಂದರೆ ಆ ಒಂದು ಕಚೇರಿಯ ಹೊರಗೆ ಕೇವಲ ಮೂವರು. ಎಲ್ಲರೂ ಒಂದೇ ಲಿಫ್ಟನ್ನು ಹತ್ತಿದವರು, ಒಂದೇ ಹಜಾರದಲ್ಲಿ ನಡೆದವರು. ಕ್ಷಣಕಾಲ ಎದುರಾದುದರಿಂದ ಆಗದಿದ್ದ ಅನರ್ಥವು ದಿನವಿಡೀ ಒಂದೇ ಕೋಣೆಯಲ್ಲಿ ಕುಳಿತು ಮಾತನಾಡುತ್ತಿದ್ದುದರಿಂದ ಆಯಿತು. ಅದೇ ತಿಂಗಳಿನ 10ರಂದು ಅಮೆರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ 61 ಮಂದಿ ಗಾಯಕರು ಎರಡೂವರೆ ಗಂಟೆಯ ಕಾಲ ಕೂಡಿ ಹಾಡಿದರು. ಅವರಲ್ಲಿ 53 ಮಂದಿಗೆ ಕಾಯಿಲೆಯಾಯಿತು, ಇಬ್ಬರು ತೀರಿಕೊಂಡರು.

ಆದರೂ ಲೋಕವು ಗಾಳಿಯನ್ನು ಬೇಗನೆ ಸಂದೇಹಿಸಲಿಲ್ಲ. ಈ ರೋಗವು ಗಾಳಿಯಲ್ಲಿ ತೇಲಿ ಹರಡುವುದಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚಿ 28ರಂದು ಸಾರ್ವಜನಿಕರಿಗೆ ತಿಳಿಸಿತು. ಜುಲೈ ತಿಂಗಳಿನಲ್ಲಿ ಲಿಡಿಯಾ ಮೊರಾವ್‌ಸ್ಕ, ಡೊನಾಲ್ಡ್ ಮಿಲ್ಟನ್ ಎಂಬ ಪಂಡಿತರು ಬರೆದ ಮನವಿಯನ್ನು 239 ಮಂದಿ ವಿಜ್ಞಾನಿಗಳು ಬೆಂಬಲಿಸಿದರು. ಗಾಳಿಯ ಮಾರ್ಗವನ್ನು ಅಂಗೀಕರಿಸಿರೆಂದು ಅದರಲ್ಲಿ ಕೇಳಿಕೊಂಡಿದ್ದರು. 2021ನೆಯ ಇಸವಿಯಲ್ಲಿ ಆ ಸಂಸ್ಥೆಯೂ ಅದನ್ನು ಸ್ಪಷ್ಟವಾಗಿ ಒಪ್ಪಿತು. ಅದೇ ವರ್ಷದ ಏಪ್ರಿಲಿನಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರದವರು, ಸೋಂಕಿರುವ ವಸ್ತುವನ್ನು ಒಮ್ಮೆ ಮುಟ್ಟಿದುದರಿಂದ ರೋಗ ಬರುವ ಸಂಭವವು ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತಲೂ ಕಡಿಮೆಯೆಂದು ತಿಳಿಸಿದರು.

ಅಷ್ಟರಲ್ಲಿ ಕಚೇರಿಗಳಲ್ಲಿ ಏನು ನಡೆದಿತ್ತು? ನೆಲವನ್ನು ದಿನಕ್ಕೆ ನಾಲ್ಕು ಸಲ ಔಷಧದಿಂದ ಒರೆಸಿದರು. ಮೇಜುಗಳ ನಡುವೆ ಪಾರದರ್ಶಕವಾದ ಹಲಗೆಗಳನ್ನು ನಿಲ್ಲಿಸಿದರು. ನೆಲದ ಮೇಲೆ ವೃತ್ತಗಳನ್ನು ಬರೆದರು. ಹಣೆಗೆ ಯಂತ್ರವನ್ನು ಹಿಡಿದು ಒಳಕ್ಕೆ ಬಿಟ್ಟರು. ರೋಗಿಯು ಜ್ವರ ಬರುವುದಕ್ಕೆ ಒಂದೆರಡು ದಿನ ಮೊದಲೇ ಸೋಂಕನ್ನು ಹರಡಬಲ್ಲನು. ಅವನನ್ನು ಆ ಯಂತ್ರವು ಹಿಡಿಯದು. ಹಲಗೆಯು ಎದುರಿನಿಂದ ಸಿಡಿಯುವ ಹನಿಯನ್ನು ತಡೆದೀತು. ಹೊಗೆಯಂತೆ ತೇಲುವ ಕಣವು ಅದನ್ನು ಬಳಸಿಕೊಂಡು ಹೋಗುವುದು. ಎಷ್ಟೋ ಕಡೆ ಹಲಗೆಯು ಗಾಳಿಯ ಸಂಚಾರಕ್ಕೇ ಅಡ್ಡಿಯಾಗುವುದು. ಇವುಗಳಿಂದ ಪ್ರಯೋಜನವೇ ಇಲ್ಲವೆಂದು ನನ್ನ ವಾದವಲ್ಲ. ಕೈ ತೊಳೆಯುವುದು ಬೇರೆ ಹತ್ತು ರೋಗಗಳನ್ನು ದೂರವಿಡುವುದು. ಆದರೆ ಇವುಗಳಿಗೆಲ್ಲ ಒಂದು ಸಾಮಾನ್ಯ ಗುಣವುಂಟು: ಇವು ಕಣ್ಣಿಗೆ ಕಾಣುವುವು. ಬಂದವನು ನೋಡಿ, ಇಲ್ಲಿ ಎಚ್ಚರಿಕೆಯಿದೆ ಎಂದುಕೊಳ್ಳುವನು. ಹೊಸ ಗಾಳಿಯಾದರೋ ಕಾಣುವುದಿಲ್ಲ. ಅದಕ್ಕೆ ಮಾಡಿದ ವೆಚ್ಚವೂ ಕಾಣುವುದಿಲ್ಲ.

ಮೊದಲಿನ ತಿಂಗಳುಗಳಲ್ಲಿ ಹೀಗೆ ಮಾಡಿದವರನ್ನು ನಿಂದಿಸತಕ್ಕದ್ದಲ್ಲ. ತಜ್ಞರು ಹೇಳಿದುದನ್ನು ಅವರು ಮಾಡಿದರು; ಅಜ್ಞಾನಕ್ಕೆ ಕ್ಷಮೆಯುಂಟು. ತಿಳಿದ ಮೇಲೆಯೂ ತೋರಿಕೆಯನ್ನೇ ಮುಂದುವರಿಸಿ, ಫಲಕೊಡುವ ಕೆಲಸವನ್ನು ಬಿಟ್ಟರೆ ಅದಕ್ಕೆ ನಮ್ಮ ಶಾಸ್ತ್ರದಲ್ಲಿ ಬೇರೊಂದು ಹೆಸರಿದೆ. ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ಆಸುರೀ ಸಂಪತ್ತನ್ನು ಎಣಿಸುವಾಗ ಮೊದಲು ಬರುವುದು ದಂಭ. ಧರ್ಮವಿಲ್ಲದೆ ಧರ್ಮದ ಚಿಹ್ನೆಯನ್ನು ಹೊತ್ತಿರುವುದೇ ದಂಭ. ಅದು ಬರಿಯ ಸುಳ್ಳಿಗಿಂತ ಕೆಟ್ಟದ್ದು. ಏಕೆಂದರೆ ಅಪಾಯದ ಸ್ಥಳದಲ್ಲಿ ನಿಂತವನ ಮನಸ್ಸಿನಲ್ಲಿ ಅದು ಅಭಯವನ್ನು ಹುಟ್ಟಿಸಿ ಅವನ ಎಚ್ಚರವನ್ನು ಕದಿಯುವುದು.

ಹಾಗಾದರೆ ಕಾಣದ ಗಾಳಿಯ ಗುಣದೋಷಗಳನ್ನು ತಿಳಿಯುವುದು ಹೇಗೆ? ಮಳೆಗಾಲದಲ್ಲಿ ಕಿಟಕಿಗಳನ್ನು ಮುಚ್ಚಿ ನಲವತ್ತು ಮಕ್ಕಳನ್ನು ಕೂರಿಸಿದ ತರಗತಿಗೆ ಹೊರಗಿನಿಂದ ಹೊಕ್ಕ ಉಪಾಧ್ಯಾಯನಿಗೆ ಒಳಗಿನ ಗಾಳಿ ಕೆಟ್ಟಿರುವುದು ಒಡನೆಯೇ ತಿಳಿಯುತ್ತದೆ. ಒಳಗಿರುವ ಮಕ್ಕಳಿಗೆ ತಿಳಿಯುವುದಿಲ್ಲ. ಹತ್ತು ನಿಮಿಷವಾದ ಮೇಲೆ ಉಪಾಧ್ಯಾಯನಿಗೂ ತಿಳಿಯುವುದಿಲ್ಲ. ಇಲ್ಲಿ ಪ್ರತ್ಯಕ್ಷವನ್ನು ನಂಬಿದರೆ ಕೆಟ್ಟೆವು, ಅನುಮಾನಪ್ರಮಾಣವೇ ಬೇಕು. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ಇಂಗಾಲಾಮ್ಲ ವಾಯುವಿನಿಂದ ಹಂಚಿಕೊಂಡ ಉಸಿರನ್ನು ಊಹಿಸಬಹುದು. ಈಗಿನವರು ಇಂಗಾಲದ ಡೈಆಕ್ಸೈಡ್ ಎನ್ನುವುದು ಇದನ್ನೇ. ಹೊರಗಿನ ಗಾಳಿಯಲ್ಲಿ ಇದು ಹತ್ತು ಲಕ್ಷಕ್ಕೆ ಸುಮಾರು 420 ಅಂಶವಿದೆ. ನಾವು ಬಿಡುವ ಉಸಿರಿನಲ್ಲಿ ಸುಮಾರು 40,000 ಅಂಶ. ಕೋಣೆಯಲ್ಲಿ 800 ಅಂಶವಿದ್ದರೆ ನೂರು ಸೇದಿನಲ್ಲಿ ಸುಮಾರು ಒಂದು ಪರರು ಬಿಟ್ಟದ್ದು. 1,200 ಇದ್ದರೆ ಐವತ್ತರಲ್ಲಿ ಒಂದು. 2,000 ಇದ್ದರೆ ಇಪ್ಪತ್ತೈದರಲ್ಲಿ ಒಂದು. ಇದನ್ನು ಅಳೆಯುವ ಯಂತ್ರವು ಅಂಗೈಯಷ್ಟು ಅಗಲದ್ದು. ಈ ಹೇತುವಿಗೂ ವ್ಯಭಿಚಾರವುಂಟೆಂಬುದನ್ನು ನೈಯಾಯಿಕರು ಗಮನಿಸಬೇಕು. ಒಳ್ಳೆಯ ಶೋಧಕವನ್ನಿಟ್ಟು ಗಾಳಿಯ ಕಣಗಳನ್ನು ಸೋಸಿದ ಕೋಣೆಯಲ್ಲಿ ಇಂಗಾಲಾಮ್ಲವು ಹೆಚ್ಚಿದ್ದರೂ ಸೋಂಕಿನ ಭಯ ಕಡಿಮೆಯಾಗಿರಬಹುದು. ಏಕೆಂದರೆ ಶೋಧಕವು ಕಣವನ್ನು ಹಿಡಿಯುವುದೇ ಹೊರತು ಆ ವಾಯುವನ್ನು ಹಿಡಿಯುವುದಿಲ್ಲ.

ಕಚೇರಿಯನ್ನು ಸರಿಪಡಿಸುವ ಕೆಲಸವು ಬಹಳ ಗಹನವಾದುದಲ್ಲ. ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ 3,000 ಘನ ಅಡಿ ಗಾಳಿಯಿದೆ. ಗಂಟೆಗೆ ಐದು ಸಲದಷ್ಟಾದರೂ ಶುದ್ಧವಾದ ಗಾಳಿಯು ಕೋಣೆಗೆ ಒದಗಬೇಕೆಂದು ಅಮೆರಿಕದ ಆ ಕೇಂದ್ರದವರು 2023ರಲ್ಲಿ ಸೂಚಿಸಿದರು. ನಮ್ಮ ಕೋಣೆಗೆ ಅದು ನಿಮಿಷಕ್ಕೆ 250 ಘನ ಅಡಿಯಾಗುವುದು. ಅಲ್ಲಿ ಎಂಟು ಮಂದಿ ಕುಳಿತರೆ ತಲೆಗೆ ಸೆಕೆಂಡಿಗೆ ಸುಮಾರು 15 ಲೀಟರು. ಹದಿನಾರು ಮಂದಿ ಕುಳಿತರೆ ಏಳು ಚಿಲ್ಲರೆ. ಕೆಲಸದ ಸ್ಥಳಗಳಲ್ಲಿ ತಲೆಗೆ ಸೆಕೆಂಡಿಗೆ 10 ಲೀಟರಾದರೂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಹೇಳಿತು. ಆದುದರಿಂದ ಗಾಳಿಯಷ್ಟೇ ಅಲ್ಲ, ಒಂದು ಕೋಣೆಯಲ್ಲಿ ಎಷ್ಟು ಜನರನ್ನು ತುಂಬಬೇಕೆಂಬುದೂ ಯಜಮಾನನ ಲೆಕ್ಕವೇ. ಸೋಂಕಿದ್ದವನು ಎದ್ದುಹೋದ ಮೇಲೆ, ಗಂಟೆಗೆ ಒಂದು ಸಲ ಗಾಳಿ ಬದಲಾಗುವ ಕೋಣೆಯಲ್ಲಿ ಒಂದು ಗಂಟೆ ಕಳೆದರೂ ಅವನು ಬಿಟ್ಟ ಕಣಗಳಲ್ಲಿ ನೂರಕ್ಕೆ 37 ಉಳಿದಿರುವುವು. ಮೂರು ಸಲ ಬದಲಾದರೆ 5. ಐದು ಸಲವಾದರೆ ಒಂದಕ್ಕಿಂತಲೂ ಕಡಿಮೆ.

ಇಲ್ಲಿ ನಮ್ಮವರಲ್ಲಿ ಹಬ್ಬಿರುವ ಒಂದು ಭ್ರಾಂತಿಯನ್ನು ತೆಗೆಯಬೇಕು. ಗೋಡೆಗೆ ತೂಗುಹಾಕಿದ ಹವಾನಿಯಂತ್ರಣ ಯಂತ್ರವು ಸಾಮಾನ್ಯವಾಗಿ ಹೊರಗಿನ ಗಾಳಿಯನ್ನು ತರುವುದಿಲ್ಲ; ಒಳಗಿನದನ್ನೇ ತಂಪು ಮಾಡಿ ಮರಳಿ ಬಿಡುವುದು. ತಿರುಗುವ ಫ್ಯಾನು ಗಾಳಿಯನ್ನು ಕಲಸುವುದು, ಬದಲಾಯಿಸುವುದಿಲ್ಲ. ಎದುರುಬದುರು ಎರಡು ಕಿಟಕಿಗಳನ್ನು ತೆರೆದರೆ ಆಗುವ ಉಪಕಾರವು ಇವೆರಡರಿಂದಲೂ ಆಗದು. ಕಿಟಕಿಯಿಲ್ಲದ ಕಡೆ ಗಾಳಿಯನ್ನು ಹೊರದೂಡುವ ಫ್ಯಾನನ್ನೂ ಶೋಧಕವನ್ನೂ ಇಡಬೇಕು. 2020ರಲ್ಲಿ ಅಮೆರಿಕದ ರಿಚರ್ಡ್ ಕೋರ್ಸಿ, ಜಿಮ್ ರೋಸೆಂತಾಲ್ ಎಂಬವರು ನಾಲ್ಕೈದು ಶೋಧಕಗಳನ್ನು ಪೆಟ್ಟಿಗೆಯಾಕಾರವಾಗಿ ಜೋಡಿಸಿ ಮೇಲೊಂದು ಸಾಧಾರಣ ಫ್ಯಾನನ್ನಿಟ್ಟು ಅಗ್ಗದ ಸಾಧನವೊಂದನ್ನು ತೋರಿಸಿಕೊಟ್ಟರು. ಶಾಲೆಯ ಹುಡುಗರೂ ಅದನ್ನು ಕಟ್ಟಬಲ್ಲರು.

ಇನ್ನು ಪೂರ್ವಪಕ್ಷ. ಮೊದಲನೆಯದಾಗಿ, ಕೆಲಸಗಾರನು ಸ್ವತಂತ್ರನು, ಭಯವಿದ್ದರೆ ಬಿಟ್ಟುಹೋಗಲಿ. ಬಂದನೆಂದರೆ ಒಪ್ಪಿಯೇ ಬಂದನು ಎನ್ನುವರು. ಬಿಟ್ಟುಹೋದರೆ ಮನೆಯಲ್ಲಿ ಒಲೆ ಉರಿಯದೆಂದು ತಿಳಿದವನ ಒಪ್ಪಿಗೆಯು ಒಪ್ಪಿಗೆಯೆನಿಸಲಾರದು. ಮೇಲಾಗಿ, ಆ ಸಂಬಳಗಾರನು ತನ್ನ ಶ್ರಮವನ್ನು ಮಾರಿದ್ದಾನೆ, ಶ್ವಾಸಕೋಶವನ್ನು ಮಾರಿಲ್ಲ. ಅವನು ಸೋಂಕನ್ನು ಹೊತ್ತು ಮನೆಗೆ ಹೋದಾಗ ಅಲ್ಲಿರುವ ವೃದ್ಧೆಯಾದ ತಾಯಿ ಯಾವ ಕರಾರಿಗೆ ರುಜು ಹಾಕಿದ್ದಳು?

ಎರಡನೆಯದಾಗಿ, ಸಂಪೂರ್ಣ ಕ್ಷೇಮವು ಅಸಾಧ್ಯ, ಎಷ್ಟು ಮಾಡಿದರೂ ರೋಗ ಬರಬಹುದು ಎನ್ನುವರು. ಇದು ನಿಜ. ಆದರೆ ಅನ್ನದಾನದಿಂದ ಲೋಕದ ಹಸಿವೆಲ್ಲ ತೀರದೆಂದು ಎದುರಿಗೆ ನಿಂತವನಿಗೆ ಅನ್ನವನ್ನು ನಿರಾಕರಿಸುವವರುಂಟೆ? ಶಕ್ತಿಯಿರುವಷ್ಟನ್ನು ಮಾಡುವುದೇ ಕರ್ತವ್ಯ. ಫಲದ ಅಪೂರ್ಣತೆಯು ಮಾಡದಿರುವುದಕ್ಕೆ ಕಾರಣವಾಗಲಾರದು.

ಮೂರನೆಯದು ವೆಚ್ಚದ ಮಾತು. ಸಣ್ಣ ಅಂಗಡಿಯವನು ಇದನ್ನು ಹೇಳಿದರೆ ಕೇಳಬೇಕಾದ್ದೇ; ಅವನಿಗೆ ಕಿಟಕಿ, ಫ್ಯಾನು, ಸರದಿಯ ಮೇಲೆ ಕೆಲಸ ಇವು ಸಾಕು. ಆದರೆ ನೆಲಕ್ಕೆ ಅಮೃತಶಿಲೆಯನ್ನೂ ಗೋಡೆಗೆ ಗಾಜನ್ನೂ ಹಾಕಿಸಿದವರು ಗಾಳಿಗೆ ಹಣವಿಲ್ಲವೆಂದರೆ ನಂಬುವುದು ಕಷ್ಟ. ನಮ್ಮ ದೇಶದ 1948ರ ಕಾರ್ಖಾನೆಗಳ ಕಾಯಿದೆಯಲ್ಲಿಯೇ ಹೊಸ ಕಾರ್ಖಾನೆಯ ಒಬ್ಬೊಬ್ಬ ಕೆಲಸಗಾರನಿಗೆ 500 ಘನ ಅಡಿಯಷ್ಟು ಅವಕಾಶವಿರಬೇಕೆಂದೂ, ಹದಿನಾಲ್ಕು ಅಡಿಗಿಂತ ಮೇಲಿನ ಸ್ಥಳವನ್ನು ಲೆಕ್ಕಕ್ಕೆ ಹಿಡಿಯಬಾರದೆಂದೂ ವಿಧಿಸಿದ್ದರು. ಬಡದೇಶವೊಂದು ಸ್ವಾತಂತ್ರ್ಯ ಬಂದ ಮರುವರ್ಷವೇ ಒಪ್ಪಿಕೊಂಡ ನೀತಿಯು ಈಗ ದುಬಾರಿಯಾಗಬಾರದು.

ಕೆಲಸಗಾರನಿಗೆ ಕರ್ತವ್ಯವೇ ಇಲ್ಲವೆ? ಇದೆ. ಜ್ವರವನ್ನು ಮುಚ್ಚಿಟ್ಟುಕೊಂಡು ಬರಬಾರದು. ರೋಗವು ಹಬ್ಬಿರುವಾಗ ಮುಖಗವಸನ್ನು ತೆಗೆಯಬಾರದು. ಆದರೆ ಬಾರದ ದಿನದ ಕೂಲಿಯನ್ನು ಹಿಡಿಯುವ ಯಜಮಾನನು ಸತ್ಯವನ್ನು ಹೇಳೆಂದು ಅವನಿಗೆ ಉಪದೇಶಿಸುವುದು ವಿಚಿತ್ರ. ಆ ಉಪದೇಶಕ್ಕೆ ಬೆಲೆ ಕೊಡುವವನು ಬಡವನೊಬ್ಬನೇ. ಕಾಯಿಲೆಯ ರಜೆಗೆ ಸಂಬಳವನ್ನು ಕೊಡುವುದೂ ಕಚೇರಿಯನ್ನು ಸರಿಪಡಿಸುವುದರಲ್ಲಿಯೇ ಸೇರಿದೆ. ಅದು ಕಿಟಕಿಯಷ್ಟೇ ಮುಖ್ಯವಾದ ಸಾಧನ.

ಇದುವರೆಗೆ ದೊಡ್ಡ ಕಚೇರಿಗಳ ಮಾತಾಯಿತು. ವಾಚಕರಲ್ಲಿ ಅನೇಕರು, ನಾವು ಯಾರ ಯಜಮಾನರು ಎಂದುಕೊಳ್ಳಬಹುದು. 2020ರಲ್ಲಿ ವಿದ್ಯಾವಂತರ ಮನೆಯ ಮಕ್ಕಳು ತಮ್ಮ ಕೋಣೆಯಲ್ಲಿಯೇ ಕುಳಿತು ಗಣಕಯಂತ್ರದ ಮುಂದೆ ಕೆಲಸಮಾಡಿದರು. ಅದು ಅವರ ಪುಣ್ಯ. ಪಾತ್ರೆ ತೊಳೆಯುವವಳಿಗೂ ಕಾವಲುಗಾರನಿಗೂ ಸಾಮಾನನ್ನು ತಂದುಕೊಡುವ ಹುಡುಗನಿಗೂ ಮನೆಯಲ್ಲಿ ಕುಳಿತು ಮಾಡುವ ಕೆಲಸವಿರಲಿಲ್ಲ. ಎಷ್ಟೋ ವಠಾರಗಳಲ್ಲಿ ಕೆಲಸದವರನ್ನು ಒಳಕ್ಕೆ ಬಿಡಲಿಲ್ಲ. ಆ ತಿಂಗಳುಗಳ ಸಂಬಳವನ್ನು ಕೊಟ್ಟವರೂ ಇದ್ದರು, ಕೊಡದವರೂ ಇದ್ದರು. ಮರಳಿ ಬಂದಾಗ ಅವಳಿಂದ ನಮಗೆ ಸೋಂಕು ಬಂದೀತೆಂದು ನಾವು ಯೋಚಿಸಿದೆವು. ನಮ್ಮಿಂದ ಅವಳಿಗೆ ಬಂದೀತೆಂದು ಎಷ್ಟು ಮಂದಿ ಯೋಚಿಸಿದೆವು? ಮುಚ್ಚಿದ ಅಡಿಗೆಮನೆಯಲ್ಲಿ ಅವಳು ಒಂದು ಗಂಟೆ ನಿಂತಿರುವಳು. ಅದು ಅವಳ ಕಚೇರಿ. ಅದರ ಕಿಟಕಿಯು ನಮ್ಮ ಕೈಯಲ್ಲಿದೆ. ಕಚೇರಿಗಳಲ್ಲಿಯೂ ಹೀಗೆಯೇ. ಮೇಲಧಿಕಾರಿಗೆ ಬಯಲನ್ನು ನೋಡುವ ಪ್ರತ್ಯೇಕ ಕೋಣೆ. ಗುಮಾಸ್ತರಿಗೆ ಒಂದೇ ದೊಡ್ಡ ಪಡಸಾಲೆ. ಕಸ ಗುಡಿಸುವವರು ವಿಶ್ರಮಿಸುವುದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ. ಕಟ್ಟಡವು ಕ್ಷೇಮವೋ ಅಲ್ಲವೋ ಎಂಬುದನ್ನು ಆ ಗೂಡಿನಲ್ಲಿ ನಿಂತು ಪರೀಕ್ಷಿಸಬೇಕು, ಮೇಲಧಿಕಾರಿಯ ಕೋಣೆಯಲ್ಲಲ್ಲ.

ಕಡೆಯ ಆಕ್ಷೇಪವೆಂದರೆ, ರೋಗವು ಹೋಯಿತಲ್ಲ, ಇನ್ನೇಕೆ ಈ ಚರ್ಚೆ ಎಂಬುದು. ಇದಕ್ಕೆ ಬೆಂಗಳೂರಿನ ಚರಿತ್ರೆಯೇ ಉತ್ತರ ಕೊಡುವುದು. 1898ರಲ್ಲಿ ಆ ನಗರಕ್ಕೆ ಪ್ಲೇಗು ಬಂದಿತು. ಇಕ್ಕಟ್ಟಾದ ಪೇಟೆಗಳಲ್ಲಿ ಜನರು ಸತ್ತರು. ಉಳಿದವರು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಆ ಸಂಕಟದ ಕಾಲದಲ್ಲಿಯೇ ಬಸವನಗುಡಿ, ಮಲ್ಲೇಶ್ವರ ಎಂಬ ಬಡಾವಣೆಗಳನ್ನು ಅಗಲವಾದ ಬೀದಿಗಳೊಡನೆ, ಮನೆಯ ಸುತ್ತ ಗಾಳಿಬೆಳಕಿಗೆ ಅವಕಾಶವಿಟ್ಟು ರಚಿಸಿದರು. ಆ ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂಬುದನ್ನು ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ಅದೇ ವರ್ಷ ಕರಾಚಿಯಲ್ಲಿ ಕಂಡುಹಿಡಿದನಾದರೂ ಲೋಕವು ಅದನ್ನು ನಂಬಲು ಇನ್ನೂ ಕೆಲವು ವರ್ಷ ಹಿಡಿಯಿತು. ಎಂದರೆ ಆಗ ನೆಲದ ರೋಗಕ್ಕೆ ಗಾಳಿಯ ಔಷಧವನ್ನು ಮಾಡಿದರು. 2020ರಲ್ಲಿ ನಾವು ಗಾಳಿಯ ರೋಗಕ್ಕೆ ನೆಲದ ಔಷಧವನ್ನು ಮಾಡಿದೆವು. ಆದರೂ ಅವರು ಮಾಡಿದುದು ಉಳಿಯಿತು. ಅಂದಿನ ಭಯವನ್ನು ಮರೆತ ಮೊಮ್ಮಕ್ಕಳು ಕೂಡ ಆ ಬೀದಿಗಳ ಗಾಳಿಯನ್ನು ಅನುಭವಿಸಿದರು. ಮನುಷ್ಯರು ಬೇಗ ಮರೆಯುವರು. ಕಟ್ಟಡಗಳು ಅಷ್ಟು ಬೇಗ ಮರೆಯವು. ನಮ್ಮ ಕಾಲದ ಭಯದ ನೆನಪಾಗಿ ನಾವು ಬಿಟ್ಟುಹೋಗುವುದು ಯಾವುದು? ಅಳಿಸಿಹೋದ ವೃತ್ತಗಳೂ ಮೂಲೆಗೆ ಸೇರಿದ ಹಲಗೆಗಳೂ ಆದರೆ ಅದು ನಾಚಿಕೆಯ ಮಾತು.

ನಿರ್ಣಯವಿಷ್ಟು. ಎಲ್ಲರಿಗೂ ಸಾಧಾರಣವಾಗಿದ್ದು, ಒಬ್ಬೊಬ್ಬನು ತಾನೇ ತಪ್ಪಿಸಿಕೊಳ್ಳಲಾರದ ವಸ್ತುವನ್ನು ಕಾಪಾಡುವ ಭಾರವು ಆ ವಸ್ತುವು ಯಾರ ವಶದಲ್ಲಿದೆಯೋ ಅವರದು. ಕಚೇರಿಯ ಗಾಳಿಯು ಯಜಮಾನನ ವಶದಲ್ಲಿದೆ; ಆದುದರಿಂದ ಅದು ಅವನು ಮಾಡುವ ಔದಾರ್ಯವಲ್ಲ, ತೀರಿಸತಕ್ಕ ಋಣ. ಕೆಲಸಗಾರನ ಎಚ್ಚರವು ಅದಕ್ಕೆ ಸಹಾಯವಾಗಬಹುದು, ಬದಲಾಗಲಾರದು. ಇನ್ನೊಂದು ಪಿಡುಗು ಬರುವುದಿಲ್ಲವೆಂದು ಹೇಳಬಲ್ಲವರು ಯಾರೂ ಇಲ್ಲ. ಅದು ಬಂದ ದಿನ ಕಿಟಕಿಯನ್ನು ಕೊರೆಯುವುದಕ್ಕೆ ಸಮಯವಿರುವುದಿಲ್ಲ. ತಮ್ಮ ವಶದಲ್ಲಿರುವ ಒಂದು ಕೋಣೆಯಲ್ಲಿ ಪರರನ್ನು ಕೂರಿಸಿ ಕೆಲಸ ಮಾಡಿಸುವವರೆಲ್ಲರೂ, ಅದು ಕಾರ್ಖಾನೆಯಾಗಲಿ, ಶಾಲೆಯಾಗಲಿ, ಅಡಿಗೆಮನೆಯಾಗಲಿ, ಆ ಕೋಣೆಯ ಕಿಟಕಿಯು ತೆರೆಯುವುದೋ ಇಲ್ಲವೋ ಎಂಬುದನ್ನು ಈ ವಾರವೇ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.